ಬೆಟ್ಟದ ಊರಿನ ಚರಂಡಿ

(ಮುಂಗಾರಿಗೆ ಮುನ್ನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚಿನಲ್ಲಿಯೇ ಎಣಿಸುವ ರೂಢಿಯಿದೆ. ಕಾಫಿ ತೋಟದ ಅನೇಕ ಮನೆಗಳಲ್ಲಿ ಮಳೆಮಾಪಕವಿದೆ, ವರ್ಷಗಳ ಲೆಕ್ಕ ಬರೆದಿಟ್ಟ ಪುಸ್ತಕವೂ ಇದೆ. ಆದರೆ ಬಿದ್ದ ಆ ಇಂಚುಗಳು ಯಾವ ದಾರಿ ಹಿಡಿದು ಹೋದವೆಂದು ಬರೆದಿಟ್ಟವರು ಅಪರೂಪ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವೊಂದರ ಮೇಲೆ ಒಂದು ಇಂಚು ಮಳೆ ಸುರಿದರೆ ಸುಮಾರು 2,800 ಲೀಟರ್ ನೀರಾಗುತ್ತದೆ. ಕಕ್ಕಡ ತಿಂಗಳಲ್ಲಿ ಒಂದೇ ದಿನ ಐದು ಇಂಚು ಸುರಿದರೆ ಅದು 14,000 ಲೀಟರ್. ಸಿಮೆಂಟು ಹಾಸಿದ ಅಂಗಳದಲ್ಲಿ ಅದು ಇಂಗುವುದಿಲ್ಲ. ಇಂತಹ ನೂರು ಮನೆಗಳ ನೀರನ್ನು ಹೊರಬೇಕಾದುದು ರಸ್ತೆ ಬದಿಯ ಒಂದು ಕಿರುಚರಂಡಿ.

ಬಯಲುಸೀಮೆಯ ಊರಿನಲ್ಲಿ ಚರಂಡಿ ಮುಚ್ಚಿಹೋದರೆ ನೀರು ಬೀದಿಯಲ್ಲಿ ನಿಲ್ಲುತ್ತದೆ, ಮನೆಗಳಿಗೆ ನುಗ್ಗುತ್ತದೆ. ಬೆಟ್ಟದ ಊರಿನಲ್ಲಿ ನೀರು ನಿಲ್ಲುವುದಿಲ್ಲ. ರಸ್ತೆಯನ್ನು ದಾಟಿ ಕೆಳಗಿನ ಬರೆಗೆ ಇಳಿಯುತ್ತದೆ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಕಣಗಳ ನಡುವಣ ಹಿಡಿತ ಸಡಿಲಗೊಳ್ಳುತ್ತದೆ. ಮೊದಲು ಅಂಗಳದಲ್ಲಿ ಕೂದಲೆಳೆಯ ಬಿರುಕು, ಬಳಿಕ ವಾಲಿದ ಕಂಬ, ಬರೆಯ ಬುಡದಲ್ಲಿ ಕೆಸರು ಬಣ್ಣದ ಒರತೆ. ಆಮೇಲೆ ಕುಸಿತ. ಮೇಲಿನ ಬೀದಿಯ ಕಸದ ಫಲವನ್ನು ಕೆಳಗಿನ ಮನೆಯವರು ಉಣ್ಣುತ್ತಾರೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಮನೆಗಳು ಕುಸಿದವು; ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದವು. ಆ ವರ್ಷದ ಮಳೆ ಅಸಾಧಾರಣವಾದುದು. ಚರಂಡಿ ಸ್ವಚ್ಛವಾಗಿದ್ದರೆ ಎಲ್ಲವೂ ಉಳಿಯುತ್ತಿತ್ತೆಂದರೆ ಸುಳ್ಳಾದೀತು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ನಡೆಸಿದ ಅಧ್ಯಯನವು ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದುದನ್ನೂ ನೀರಿನ ಸಹಜ ಹಾದಿಗೆ ಅಡ್ಡಿಯಾದುದನ್ನೂ ಕಾರಣಗಳಲ್ಲಿ ಸೇರಿಸಿತ್ತೆಂಬುದನ್ನು ಮರೆಯಲಾಗದು.

ಚರಂಡಿಯನ್ನು ಮುಚ್ಚುವುದು ಪ್ಲಾಸ್ಟಿಕ್ ಒಂದೇ ಎಂಬ ನಂಬಿಕೆ ಅರ್ಧ ಸತ್ಯ. ಕೊಡಗಿನ ಚರಂಡಿಯ ಹೂಳಿನಲ್ಲಿ ಹೆಚ್ಚಿನದು ಕೆಂಪು ಮಣ್ಣು: ಮನೆ ಕಟ್ಟಲು ಕಡಿದ ಬರೆಯಿಂದ ಇಳಿದದ್ದು, ರಸ್ತೆಯ ಅಂಚಿನಲ್ಲಿ ರಾಶಿ ಹಾಕಿದ ಮರಳು, ಜಲ್ಲಿಯಿಂದ ಕೊಚ್ಚಿ ಬಂದದ್ದು. ಮೋರಿಯ ಬಾಯಲ್ಲಿ ಅಡ್ಡಲಾಗಿ ಒಂದು ನೀರಿನ ಪೈಪು ಹಾಯ್ದಿದ್ದರೆ ಸಾಕು. ಅದಕ್ಕೆ ಮೊದಲೊಂದು ಸಿಲ್ವರ್ ಮರದ ರೆಂಬೆ ಸಿಲುಕುತ್ತದೆ, ರೆಂಬೆಗೆ ತರಗೆಲೆ, ಎಲೆಗೆ ಚೀಲ, ಚೀಲದ ಹಿಂದೆ ಮಣ್ಣು. ಒಂದು ರಾತ್ರಿಯಲ್ಲಿ ಮೋರಿ ಅಣೆಕಟ್ಟಾಗುತ್ತದೆ. ಅಂಗಡಿಯ ಮುಂದೆ ವಾಹನ ನಿಲ್ಲಿಸಲೆಂದು ಚರಂಡಿಯ ಮೇಲೆ ಎತ್ತಲಾಗದ ಕಾಂಕ್ರೀಟು ಹಾಸಿದರಂತೂ ಒಳಗೇನಿದೆಯೆಂದು ನೋಡುವ ದಾರಿಯೂ ಇಲ್ಲ. ತೆಗೆದ ಹೂಳನ್ನು ಚರಂಡಿಯ ದಂಡೆಯಲ್ಲಿಯೇ ಗುಡ್ಡೆ ಹಾಕುವ ಪದ್ಧತಿಯೊಂದಿದೆ. ಮೊದಲ ಮಳೆಗೆ ಅದು ನಿಷ್ಠೆಯಿಂದ ಸ್ವಸ್ಥಾನಕ್ಕೆ ಮರಳುತ್ತದೆ.

ಚರಂಡಿ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಇದಕ್ಕಿಂತಲೂ ಗಂಭೀರವಾದ ಪ್ರಶ್ನೆ. ಗುತ್ತಿಗೆಯ ಅಳತೆ ಮುಗಿದಲ್ಲಿ, ಬರೆಯ ತುದಿಯಲ್ಲಿ, ಚರಂಡಿಯೂ ಮುಗಿದರೆ ಅದರ ನೀರು ಇಡೀ ಮಳೆಗಾಲ ಒಂದೇ ಜಾಗವನ್ನು ಕೊರೆಯುತ್ತದೆ. ಅಂತಹ ಚರಂಡಿ ಇರುವುದಕ್ಕಿಂತ ಇಲ್ಲದಿರುವುದೇ ಲೇಸು. ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡಿನವರೆಗೆ ಇಳಿಸಿದಾಗ ಮಾತ್ರ ಆ ಕಾಮಗಾರಿ ಪೂರ್ಣವಾದಂತೆ.

ಕೆಳಗಿನ ಕುಶಾಲನಗರದ ಕಥೆ ಬೇರೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಾವೇರಿ ಉಕ್ಕಿ ಅಲ್ಲಿಯ ಬಡಾವಣೆಗಳು ಜಲಾವೃತವಾದವು. ನದಿಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ಊರಿನ ನೀರು ನದಿಗೆ ಹೋಗುವುದಿಲ್ಲ. ನದಿಯೇ ಚರಂಡಿಯ ಮೂಲಕ ಊರಿಗೆ ಬರುತ್ತದೆ. ಅದಕ್ಕೆ ಗುದ್ದಲಿ, ಪಿಕಾಸಿಗಳಲ್ಲಿ ಪರಿಹಾರವಿಲ್ಲ. ನೆರೆಯ ನೀರಿಗೆ ತಂಗುದಾಣವಾಗಿರುವ ಹೊಳೆದಂಡೆಯ ಗದ್ದೆಗಳನ್ನು ನಿವೇಶನವಾಗಿಸದಿರುವುದೇ ಅಲ್ಲಿಯ ಚರಂಡಿ ನಿರ್ವಹಣೆ.

ಕಾನೂನಿನ ಕೊರತೆ ಇಲ್ಲ. ಪಟ್ಟಣಗಳಲ್ಲಿ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ, ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮ ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಕೊರತೆ ಇರುವುದು ಕಾಲಪ್ರಜ್ಞೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಆಗಬೇಕಾದ ಕೆಲಸಕ್ಕೆ ಜುಲೈನಲ್ಲಿ ಕಾರ್ಮಿಕರನ್ನು ಮಳೆಯಲ್ಲಿ ಕೆಸರಿಗಿಳಿಸುವುದು ಅವರಿಗೂ ಅನ್ಯಾಯ, ಊರಿಗೂ ನಿಷ್ಪ್ರಯೋಜಕ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮೊದಲ ಮಳೆಗಳ ದಿನ ಕೊಡೆ ಹಿಡಿದು, ಹಿರಿಯರೊಬ್ಬರ ಜೊತೆಯಲ್ಲಿ, ಬರೆಯ ಬುಡದಲ್ಲಿ ನಿಲ್ಲದೆ, ಊರಿನ ಬೀದಿಯಲ್ಲಿ ನಡೆಯಬೇಕು. ನೀರು ಎಲ್ಲೆಲ್ಲಿ ಚರಂಡಿ ಬಿಟ್ಟು ರಸ್ತೆಗೆ ಬರುತ್ತದೆ, ಎಲ್ಲಿ ರಸ್ತೆ ದಾಟುತ್ತದೆ, ಯಾರ ಮನೆಯ ಹಿಂದೆ ಇಳಿಯುತ್ತದೆ ಎಂಬುದನ್ನು ಬೀದಿಯ ನಕ್ಷೆಯಲ್ಲಿ ಗುರುತಿಸಬೇಕು. ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸಬೇಕು. ದುರಸ್ತಿಯಾದ ಮೇಲೆ, ಮುಂದಿನ ಜೂನ್‌ನಲ್ಲಿ, ಅದೇ ನಕ್ಷೆ ಹಿಡಿದು ಅದೇ ಬೀದಿಯಲ್ಲಿ ಮತ್ತೊಮ್ಮೆ ನಡೆಯಬೇಕು.