ಜೀವದಯೆ ಮತ್ತು ನಮ್ಮ ಬಸದಿಯ ಕುರುಚಲು ಕಾಡು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ, ತಕ್ಕಡಿ ಹಿಡಿದು ಜೀವನ ಸಾಗಿಸಿದ ವರ್ತಕ. ತತ್ತ್ವವಿಚಾರವನ್ನು ವಿದ್ವಾಂಸರು ಈಗಾಗಲೇ ವಿಶದಪಡಿಸಿದ್ದಾರೆ. ಈ ಬಸದಿಯ ಹಿಂಬದಿಯಲ್ಲಿರುವ ಎರಡು ಎಕರೆ ಕುರುಚಲು ಕಾಡಿನ ವಿಷಯವಾಗಿ ಮಾತ್ರ ನನ್ನದೊಂದು ಅರಿಕೆಯಿದೆ. ಅದನ್ನು ಸವರಿ ಸಮುದಾಯ ಭವನವನ್ನು ಕಟ್ಟಿಸಬೇಕೆಂಬ ಸಲಹೆಯು ಸಮಿತಿಯ ಮುಂದಿದೆಯಷ್ಟೆ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ಉಗ್ರಾಣದ ಅಂಗಳದಲ್ಲಿ ಹಳೆಯದೊಂದು ಹುಣಸೆಮರವಿತ್ತು. ಅದರಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು. ಹಿಕ್ಕೆಯಿಂದ ಮೂಟೆಗಳು ಹಾಳಾಗುವುವೆಂದು ಮರವನ್ನು ಕಡಿಸಿ, ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆಯಾಗಿ ಮಾರಿದೆನು. ಗೂಡಿನಿಂದ ಬಿದ್ದ ಮರಿಗಳು ಸಂಜೆಯವರೆಗೂ ಅಂಗಳದಲ್ಲಿ ಅರಚುತ್ತಿದ್ದವು. ಆ ದಿನವೂ ನಾನು ನೀರನ್ನು ಸೋಸಿಯೇ ಕುಡಿದೆ; ಸೂರ್ಯಾಸ್ತಕ್ಕೆ ಮೊದಲೇ ಊಟ ಮಾಡಿದೆ. ವ್ರತಕ್ಕೆ ಭಂಗ ಬಂದಿತೆಂದು ನನಗೆ ಅನ್ನಿಸಲೇ ಇಲ್ಲ.

ಅನ್ನಿಸಿದ್ದು ಮುಂದೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದಾಗ. ಶಿಂಷಾ ನದಿಯ ಸಮೀಪದ ಆ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆಮರಗಳಲ್ಲಿಯೇ ಸಂಸಾರ ಹೂಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವುಗಳನ್ನು ಭಾವಿಸುತ್ತಾರೆ. ನಾನು ಹಾನಿಯೆಂದು ಬಗೆದ ಹಿಕ್ಕೆಯು ಅವರಿಗೆ ಹೊಲದ ಗೊಬ್ಬರ. ಅರಣ್ಯಾಧಿಕಾರಿ ಶ್ರೀ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ಪಕ್ಷಿಗಳತ್ತ ಇಲಾಖೆಯ ಗಮನವನ್ನು ಸೆಳೆದರು. ಹುಣಸೆಹಣ್ಣನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಮುಂದೆ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರ ನೆರವಿನಿಂದ ಗ್ರಾಮಸ್ಥರೇ 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಸಾಕಿ ಹಾರಲು ಬಿಡತೊಡಗಿದರು. 2007ರಲ್ಲಿ ಸರ್ಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆ ಮರಿಗಳಿಗೆ ಮೀನನ್ನು ತಿನ್ನಿಸಬೇಕು. ಆ ಕಾರ್ಯವು ನಮ್ಮ ಕೈಯಿಂದ ಆಗದು. ಆದರೆ ಮರವನ್ನು ಉಳಿಸುವುದು ಆಗದೇ?

ವನಸ್ಪತಿಯೂ ಜೀವವೆಂಬುದು ನಮಗೆ ಬಾಲ್ಯದ ಪಾಠ. ನಿಷ್ಪ್ರಯೋಜನವಾಗಿ ಗಿಡಮರಗಳನ್ನು ಕಡಿಯುವುದು ಅನರ್ಥದಂಡವೆಂದು ಶ್ರಾವಕಾಚಾರವು ಎಚ್ಚರಿಸುತ್ತದೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತವು ಕಾಡು ಕಡಿದು ಮಾರುವ ವನಜೀವಿಕೆಯನ್ನು ಕ್ರೂರಕರ್ಮಗಳ ಸಾಲಿಗೆ ಸೇರಿಸಿದೆ. ವರ್ತಕರಾದ ನಮಗೆ ಈ ಮಾತು ನೇರವಾಗಿ ತಟ್ಟಬೇಕು. ನಮ್ಮ ಸೀಮೆಯಲ್ಲಿ ಒಂದು ಕಿಲೋ ಹೊಗೆಸೊಪ್ಪು ಹದವಾಗಬೇಕಾದರೆ ಅದರ ಹಲವು ಪಟ್ಟು ಸೌದೆಯು ಉರಿಯಬೇಕು. ಆ ಸೌದೆಗೆ ಬೆಲೆ ಕಟ್ಟಿದ ಕೈಗಳಲ್ಲಿ ನನ್ನದೂ ಒಂದು.

ನಾಗರಹೊಳೆಯನ್ನು ಕಾಯಲು ಸರ್ಕಾರವಿದೆ. ನಮ್ಮ ಹುಣಸೂರಿನ ಅರಬಿತಿಟ್ಟಿಗೂ ಅಭಯಾರಣ್ಯವೆಂಬ ರಕ್ಷಣೆಯಿದೆ. ಬಸದಿಯ ಹಿಂದಿನ ಕವಳೆ, ಬಂದರಿಕೆ, ಕಕ್ಕೆಗಿಡಗಳಿಗೆ ಮಾತ್ರ ಯಾರ ರಕ್ಷಣೆಯೂ ಇಲ್ಲ. ಅಲ್ಲಿ ಕೌಜುಗ, ಮೊಲ, ನವಿಲುಗಳಿವೆ. ಅವು ಭವನಕ್ಕೆ ಬೇರೆ ಜಾಗವನ್ನು ನೋಡಿಕೊಳ್ಳಿರೆಂದು ಸಮಿತಿಗೆ ಮನವಿ ಸಲ್ಲಿಸಲಾರವು. ಆದುದರಿಂದ ಅವುಗಳ ಪರವಾಗಿ ನಾನು ಸಲ್ಲಿಸುತ್ತಿದ್ದೇನೆ.

ನನ್ನ ಸೂಚನೆಯು ಸರಳವಾದುದು. ಮನೆಗೊಬ್ಬರಂತೆ ಸೇರಿ ಒಂದು ಬಳಗವನ್ನು ಕಟ್ಟೋಣ. ನೆರೆಯ ದನಗಾಹಿಗಳನ್ನೂ ರೈತರನ್ನೂ ಅದಕ್ಕೆ ಕರೆಯೋಣ. ಅವರನ್ನು ಹೊರಗಿಟ್ಟು ಯಾವ ಕಾಡೂ ಉಳಿಯದು. ಬೇಸಗೆಗೆ ಮುನ್ನ ಸುತ್ತಲೂ ಬೆಂಕಿರೇಖೆಯನ್ನು ತೆಗೆಯೋಣ, ತೊಟ್ಟಿಗೆ ನೀರನ್ನು ತುಂಬಿಸೋಣ, ಕೊಡಲಿಯನ್ನು ಒಳಗೆ ಬಿಡದಿರೋಣ. ಭವನವನ್ನು ಊರೊಳಗೆ ಕಟ್ಟಿಸುವುದಾದರೆ, ಹೆಚ್ಚುವ ವೆಚ್ಚದಲ್ಲಿ ನನ್ನ ಶಕ್ತ್ಯನುಸಾರ ಪಾಲನ್ನು ಸಲ್ಲಿಸುತ್ತೇನೆ. ಅದು ದಾನವಲ್ಲ, ಹಳೆಯ ಸಾಲದ ತೀರುವಳಿ.

ಗೊಮ್ಮಟಗಿರಿಯನ್ನು ಕಾಣುವಾಗಲೆಲ್ಲ ಬಾಹುಬಲಿ ಸ್ವಾಮಿಯ ತಪಸ್ಸು ನೆನಪಾಗುತ್ತದೆ. ಕಾಲಿನ ಬಳಿ ಹುತ್ತ ಬೆಳೆದರೂ, ಮೈಮೇಲೆ ಬಳ್ಳಿ ಹಬ್ಬಿದರೂ ಸ್ವಾಮಿಯು ಅದನ್ನು ಕಿತ್ತೊಗೆಯಲಿಲ್ಲ. ಆತನನ್ನು ಪೂಜಿಸುವ ನಾವು ಆತನ ಬಳ್ಳಿಗೂ ಎರಡು ಎಕರೆ ಸ್ಥಳವನ್ನು ಬಿಡೋಣ.