ಸ್ಥಾಯೀ ವಿದ್ಯುತ್ತು: ವಸ್ತುವಿನ ಗುಣವೋ, ಮೈಯ ಚರಿತ್ರೆಯೋ?



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಮೇಷ್ಟ್ರು, ಪ್ರಯೋಗ ಮಾಡಿ ತೋರಿಸದೆ ಸೂತ್ರ ಬರೆಸುತ್ತಿರಲಿಲ್ಲ ಎಂದು ಅವರ ಶಿಷ್ಯರು ಇಂದಿಗೂ ಹೇಳುತ್ತಾರೆ. 

ಎಲ್ಲರಿಗೂ ಗೊತ್ತಿರುವುದರಿಂದ ಶುರು ಮಾಡೋಣ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ. ಆ ಬಲವನ್ನು ಕೂಲಂ 1785ರಲ್ಲಿ ಅಳೆದು ನಿಯಮ ಕೊಟ್ಟ. ಲೋಹದಲ್ಲಿ ಆವೇಶ ಹರಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಬಿದ್ದಲ್ಲೇ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಾಚಣಿಗೆ ಕಾಗದದ ಚೂರು ಎತ್ತಲು ಒಲ್ಲದು. ವಿಜಯಪುರದ ಡಿಸೆಂಬರಿನಲ್ಲಿ ಪಾಲಿಯೆಸ್ಟರ್ ಅಂಗಿ ಚಟಚಟ ಎನ್ನುತ್ತದೆ. ತೇವದ ತೆಳುಪದರ ಆವೇಶವನ್ನು ಸೋರಿಸಿಬಿಡುತ್ತದೆ, ಅಷ್ಟೆ. ಇದೆಲ್ಲ ಯಾವ ಪಠ್ಯದಲ್ಲಾದರೂ ಸಿಗುತ್ತದೆ. ನನ್ನ ಪ್ರಶ್ನೆ ಬೇರೆ: ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಯಾವುದು ಧನ, ಯಾವುದು ಋಣ ಎಂಬುದು ಹೇಗೆ ತೀರ್ಮಾನವಾಗುತ್ತದೆ?

ಪಠ್ಯದ ಉತ್ತರ ವಸ್ತುಗಳನ್ನು ಸಾಲಾಗಿ ನಿಲ್ಲಿಸಿದ ಒಂದು ಪಟ್ಟಿ. ಅಂಥ ಮೊದಲ ಪಟ್ಟಿಯನ್ನು ಯೊಹಾನ್ ಕಾರ್ಲ್ ವಿಲ್ಕೆ 1757ರಲ್ಲಿ ಪ್ರಕಟಿಸಿದ. ಇಂದಿನ ಪಟ್ಟಿಗಳಲ್ಲಿ ಗಾಜು, ಉಣ್ಣೆ ಮೇಲೆ, ಟೆಫ್ಲಾನ್ ಕೆಳಗೆ. ಮೇಲಿನದು ಧನ, ಕೆಳಗಿನದು ಋಣ. ಆದರೆ ಗಾಜು, ಸತು, ರೇಷ್ಮೆ ಈ ಮೂರನ್ನು ಜೋಡಿಜೋಡಿಯಾಗಿ ತಾಗಿಸಿದಾಗ ಸರದಿ ಸುತ್ತಾದದ್ದು ದಾಖಲಾಗಿದೆ: ಒಂದು ಎರಡನೆಯದನ್ನು ಋಣವಾಗಿಸುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮರಳಿ ಮೊದಲನೆಯದನ್ನು. ಸುತ್ತಿನಲ್ಲಿ ಮೇಲೆಲ್ಲಿ, ಕೆಳಗೆಲ್ಲಿ?

ಮೇಷ್ಟ್ರು ಮೆಚ್ಚುತ್ತಿದ್ದಂಥ ಪ್ರಯೋಗವೊಂದನ್ನು ಇಲ್ಲೇ ನೋಡೋಣ. ಸೆಲ್ಲೋಟೇಪಿನ ಎರಡು ತುಂಡುಗಳನ್ನು ಮೇಜಿಗೆ ಅಂಟಿಸಿ ಸರಕ್ಕನೆ ಕಿತ್ತು ಹತ್ತಿರ ಹಿಡಿದರೆ ಅವು ದೂರ ಸರಿಯುತ್ತವೆ. ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿ, ಎರಡನ್ನೂ ಒಟ್ಟಿಗೆ ಎಬ್ಬಿಸಿ, ಬೆರಳು ಸವರಿ ಉಳಿದ ಆವೇಶ ಕಳೆದು, ಆಮೇಲೆ ಬೇರ್ಪಡಿಸಿದರೆ ಒಂದನ್ನೊಂದು ಸೆಳೆಯುತ್ತವೆ. ಅದೇ ಟೇಪು, ಎರಡು ಚಿಹ್ನೆ. ಪಟ್ಟಿಯ ಪಕ್ಷದವರು ಥಟ್ಟನೆ ಆಕ್ಷೇಪಿಸುತ್ತಾರೆ: ಅಂಟು ಬೇರೆ ವಸ್ತು, ಬೆನ್ನು ಬೇರೆ ವಸ್ತು. ನ್ಯಾಯವಾದ ಮಾತು. ಹಾಗಾದರೆ ಎರಡೂ ಕಡೆ ಒಂದೇ ವಸ್ತುವಿದ್ದರೆ?

ಅದನ್ನೇ ಆಸ್ಟ್ರಿಯಾದಲ್ಲಿ ಸೊಬಾರ್ಸೊ, ವೈಟುಕೈಟಿಸ್ ಮತ್ತು ಸಂಗಡಿಗರು ಮಾಡಿದರು. ವರದಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಒಂದೇ ಸಿಲಿಕೋನ್ ರಬ್ಬರಿನ ತುಣುಕುಗಳು ಮೊದಮೊದಲು ಹೇಗೆಂದರೆ ಹಾಗೆ ಆವೇಶ ಪಡೆದವು. ಮತ್ತೆಮತ್ತೆ ತಾಗಿಸಿದಂತೆ ಅವೇ ಒಂದು ಸರದಿಯಲ್ಲಿ ನಿಂತವು: ಹೆಚ್ಚು ಸಲ ತಾಗಿದ ತುಣುಕು ಋಣವಾಗತೊಡಗಿತು. ರಾಸಾಯನಿಕವಾಗಿ ಒಂದೇ ವಸ್ತು. ಬೇರೆಯಾಗಿದ್ದದ್ದು ಅದರ ಮೈ ಕಂಡ ಅನುಭವ. ತಾಗಿ ತಾಗಿ ಮೇಲ್ಮೈಯ ಅತಿಸೂಕ್ಷ್ಮ ಒರಟು ಸವೆದಿತ್ತು.

ಇನ್ನು, ತಾಗಿದಾಗ ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಹೋಗುವುದು ಏನು? ಲೋಹಗಳ ನಡುವೆ ಎಲೆಕ್ಟ್ರಾನು, ಅಲ್ಲಿ ತಕರಾರಿಲ್ಲ. ನಿರೋಧಕಗಳ ವಿಷಯದಲ್ಲಿ ಜಗಳ ಜೋರು. 2008ರಲ್ಲಿ ಲಿಯು ಮತ್ತು ಬಾರ್ಡ್, ಉಜ್ಜಿದ ಟೆಫ್ಲಾನ್ ರಾಸಾಯನಿಕ ಅಪಕರ್ಷಣ (ಎಲೆಕ್ಟ್ರಾನು ಕೊಡುವ ಕ್ರಿಯೆ) ನಡೆಸಬಲ್ಲದೆಂದು ತೋರಿಸಿ ಎಲೆಕ್ಟ್ರಾನಿನ ಪರ ವಾದಿಸಿದರು. ಅದೇ ವರ್ಷ ಮೆಕಾರ್ಟಿ ಮತ್ತು ವೈಟ್‌ಸೈಡ್ಸ್ ಅಯಾನುಗಳ ಪರ ನಿಂತರು. ಅಯಾನು ಪಕ್ಷಕ್ಕೆ ನೀರಿನ ಪದರ ದೊಡ್ಡ ಆಸರೆ. ಆದರೆ ಎಣ್ಣೆಯಲ್ಲಿ ಮುಳುಗಿಸಿಟ್ಟರೂ ಪ್ಲಾಸ್ಟಿಕ್ಕು ಆವೇಶ ಪಡೆಯುತ್ತದೆ, ಆದ್ದರಿಂದ ನೀರೇ ಸರ್ವಸ್ವವಲ್ಲ. ಎಲೆಕ್ಟ್ರಾನ್ ಪಕ್ಷದವರು, ಇಷ್ಟು ಬಿಗಿಯಾಗಿ ಬಂಧಿತವಾದ ಎಲೆಕ್ಟ್ರಾನು ಬರೀ ತಾಗಿದ ಮಾತ್ರಕ್ಕೆ ಹೇಗೆ ಹೊರಬಂತು ಎಂಬುದಕ್ಕೆ ಎಲ್ಲ ಪ್ಲಾಸ್ಟಿಕ್ಕಿಗೂ ಒಪ್ಪುವ ಉತ್ತರ ಕೊಟ್ಟಿಲ್ಲ. 2011ರಲ್ಲಿ ಬಯ್‌ತೆಕಿನ್, ಗ್ರಿಬೋವ್‌ಸ್ಕಿ ಮೊದಲಾದವರು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ ಚಿತ್ರ ಇಬ್ಬರಿಗೂ ಇರಿಸುಮುರಿಸು: ಋಣ ಎನಿಸಿಕೊಂಡ ಮೈಮೇಲೂ ಧನದ ತೇಪೆ, ಋಣದ ತೇಪೆ ಒತ್ತೊತ್ತಾಗಿವೆ, ವಸ್ತುವಿನ ಚೂರುಗಳೇ ಆಚೀಚೆ ದಾಟಿವೆ. ನಾವು ಅಳೆಯುವುದು ಕೂಡಿ ಕಳೆದು ಉಳಿದ ಶೇಷವನ್ನು.

ಆ ಶೇಷ ಎಷ್ಟು ಕಿರಿದೆಂದು ಲೆಕ್ಕ ಹಾಕಿ. ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಗಾಳಿಯೇ ಸಿಡಿಯುತ್ತದೆ. ಆ ಮಿತಿಯಲ್ಲಿ ಮೈಮೇಲೆ ನಿಲ್ಲುವುದು ಹತ್ತಾರು ಸಾವಿರ ಪರಮಾಣುಗಳಿಗೆ ಒಂದು ಹೆಚ್ಚುವರಿ ಆವೇಶ. ಇಷ್ಟು ಅಲ್ಪ ಸಂಖ್ಯೆಯನ್ನು ಒಂದು ಕಲೆ, ಒಂದು ಗೀರು, ಕೈಯ ಜಿಡ್ಡು ತಿರುಗಿಸಬಲ್ಲದು. ಹೀಗಿರುವಾಗ ಚಿಹ್ನೆಯನ್ನು ಸಾಂದ್ರತೆಯಂತೆ, ಕರಗುವ ಬಿಂದುವಿನಂತೆ ವಸ್ತುವಿನ ಸ್ಥಿರ ಗುಣವೆಂದು ಕಲಿಸುವುದು ತಪ್ಪು. ಇದು ನನ್ನ ಖಚಿತ ನಿಲುವು.

ಇದು ಪಂಡಿತರ ಹಟವಲ್ಲ. ಒಂದೇ ವಸ್ತುವಿನ ಪುಡಿಯಲ್ಲಿ ಸಾಮಾನ್ಯವಾಗಿ ಸಣ್ಣ ಕಣಗಳು ಋಣವಾಗಿ, ದೊಡ್ಡವು ಧನವಾಗಿ ಬೇರೆಯಾಗುತ್ತವೆ. ಹಿಟ್ಟಿನ ಗಿರಣಿಯ ಧೂಳು ಇಂಥ ಆವೇಶದ ಕಿಡಿಗೆ ಸ್ಫೋಟಿಸಬಲ್ಲದು. ಅಲ್ಲಿ ದುಡಿಯುವವನನ್ನು ಪಟ್ಟಿ ಕಾಯುವುದಿಲ್ಲ. ಯಂತ್ರಕ್ಕೆ ಭೂಸಂಪರ್ಕವಿದೆಯೇ, ಗಾಳಿಯಲ್ಲಿ ತೇವ ಎಷ್ಟಿದೆ ಎಂಬ ವಿಚಾರಣೆ ಕಾಯುತ್ತದೆ.

ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೆ. ಪಟ್ಟಿ ಇರಲಿ. ಪಕ್ಕದಲ್ಲಿ ತೇವಾಂಶ, ಮೈಯನ್ನು ಹೇಗೆ ತೊಳೆದರು, ಎಷ್ಟು ಸಲ ತಾಗಿಸಿದರು ಎಂಬ ಮೂರು ಅಂಕಣ ಸೇರಿಸಿ, ಖಾಲಿ ಬಿಡಿ. ಮಂಗಳೂರಿನ ಮಕ್ಕಳೂ ಕಲಬುರಗಿಯ ಮಕ್ಕಳೂ ತಮ್ಮ ತಮ್ಮ ಅಂಕಿಗಳಿಂದ ಅವನ್ನು ತುಂಬಿ, ಉತ್ತರಗಳನ್ನು ಹೋಲಿಸಲಿ.