ಬಾಗಿಲು ಹಾಕಿಸಿದವರು ಲೆಕ್ಕ ಕೊಡಲಿ



ನಮ್ಮ ದರ್ಜಿಗಳ ಸಭೆಗಳಲ್ಲಿ ಅಧ್ಯಕ್ಷ ಭಾಷಣದ ಸರದಿ ಬರುವುದು ಸಭಿಕರು ಗಡಿಯಾರ ನೋಡಲು ಶುರುಮಾಡಿದ ಮೇಲೆ. ನನಗಿಂತ ಮುಂಚೆ ಮಾತಾಡಿದವರು ಮಷಿನ್ ಸಬ್ಸಿಡಿ, ವಿಶ್ವಕರ್ಮ ಯೋಜನೆಯ ಕಿಟ್ಟು, ಕರೆಂಟ್ ಬಿಲ್ಲು ಎಲ್ಲವನ್ನೂ ಹೇಳಿಯಾಗಿದೆ. ನಾನು ಎತ್ತಿಕೊಳ್ಳುವುದು ಒಂದೇ ವಿಷಯ, ಅದೂ ಹಳೆಯದು: ಕೊರೊನಾದ ಎರಡು ಬೇಸಿಗೆಗಳಲ್ಲಿ ಸರ್ಕಾರ ಸ್ವಂತ ದುಡಿಮೆಯವರಿಗೆ ಕೊಟ್ಟ ಹಣ. ಮುಗಿದ ಕಥೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಮುಗಿದಿಲ್ಲ. ಆಗ ಕಸುಬಿನವರ ಯಾವ ಪಟ್ಟಿ ಇರಲಿಲ್ಲವೋ ಆ ಪಟ್ಟಿ ಈಗಲೂ ಇಲ್ಲ. ನಾಳೆ ಇನ್ನೊಂದು ಕಾಯಿಲೆ ಬಂದು ಅಂಗಡಿ ಮುಚ್ಚಿ ಅಂದರೆ ನಾವು ಮತ್ತೆ ಅದೇ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತು. ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜು ಪ್ರಕಟಿಸಿದರು. 2,30,000 ಕ್ಷೌರಿಕರು ಮತ್ತು 60,000 ಮಡಿವಾಳರಿಗೆ ತಲಾ 5,000. 7,75,000 ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೈಮಗ್ಗ ನೇಕಾರರಿಗೆ 2,000. ಕಟ್ಟಡ ಕಾರ್ಮಿಕರಿಗೆ ಮೊದಲೇ ಕೊಟ್ಟಿದ್ದ 2,000ದ ಜೊತೆಗೆ ಇನ್ನೂ 3,000. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000. ದೇಶದ ಎಷ್ಟೋ ರಾಜ್ಯಗಳು ಅಷ್ಟೂ ಮಾಡಲಿಲ್ಲ, ಆ ಮಾತನ್ನು ಮೊದಲು ಒಪ್ಪಿಕೊಳ್ಳೋಣ. ಬೇರೆಯವರಿಗೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಸಿಕೊಳ್ಳಲು ನಾವು ಇಲ್ಲಿ ಸೇರಿಲ್ಲ. ಆದರೆ ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿ ನೋಡಿ. ದರ್ಜಿ ಇಲ್ಲ. ಮೆಕ್ಯಾನಿಕ್ ಇಲ್ಲ. ಹಮಾಲಿ ಇಲ್ಲ, ಕುಂಬಾರ ಇಲ್ಲ, ಕಮ್ಮಾರ ಇಲ್ಲ. ಇಡೀ ರಾಜ್ಯ ಮೂಗು ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆ ಹೊಲಿದವರಲ್ಲಿ ನಮ್ಮ ಅಕ್ಕಂದಿರು ಎಷ್ಟು ಮಂದಿಯೋ. ಆ ಕೈಗಳಿಗೆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಯಾಕಿರಲಿಲ್ಲ? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಆಮೇಲೆ ಜಗಳಕ್ಕೆ ಬನ್ನಿ. ಕ್ಷೌರಕ್ಕೂ ಬಟ್ಟೆ ಒಗೆಯುವುದಕ್ಕೂ ಹಿಂದೆ ಒಂದೊಂದು ಸಮಾಜ ಇದೆ, ಸಮಾಜಕ್ಕೆ ಸಂಘ ಇದೆ, ವಿಧಾನಸೌಧದ ಮೆಟ್ಟಿಲು ಹತ್ತಿ ಮನವಿ ಕೊಡುವ ಮುಖಂಡರಿದ್ದಾರೆ. ಕೊಡಲಿ, ಅದು ಅವರ ಹಕ್ಕು. ಹೊಲಿಗೆಗೆ ಜಾತಿ ಇಲ್ಲ. ಸಿಂಪಿಗರಿದ್ದಾರೆ, ಭಾವಸಾರರಿದ್ದಾರೆ, ಮುಸ್ಲಿಮರಿದ್ದಾರೆ, ಗಂಡ ಸತ್ತ ಮೇಲೆ ಪೆಡಲು ತುಳಿಯಲು ಕಲಿತ ಎಲ್ಲಾ ಜಾತಿಯ ಹೆಣ್ಣುಮಕ್ಕಳಿದ್ದಾರೆ. ಕಸುಬು ಎಲ್ಲರದಾದರೆ ಅದರ ಪರವಾಗಿ ಕೇಳುವವರು ಯಾರೂ ಇಲ್ಲದಂತಾಗುತ್ತದೆ.

ಈಗ ಎರಡನೇ ಬೇಸಿಗೆಗೆ ಬರೋಣ. 2021ರ ಏಪ್ರಿಲ್ 27ರ ರಾತ್ರಿ ಕರ್ಫ್ಯೂ ಶುರುವಾಯಿತು, ಮೇ 19ರಂದು 1,250 ಕೋಟಿಯ ಪ್ಯಾಕೇಜು ಬಂತು. ಈ ಸಲ ನಾವಿದ್ದೆವು. ಕ್ಷೌರಿಕರು, ಮಡಿವಾಳರು, ದರ್ಜಿಗಳು, ಹಮಾಲಿಗಳು, ಮನೆಗೆಲಸದವರು ಎಂದು ಹನ್ನೊಂದು ಕಸುಬುಗಳನ್ನು ಒಟ್ಟು ಸೇರಿಸಿ ತಲಾ 2,000 ರೂಪಾಯಿ. ಫಲಾನುಭವಿಗಳ ಅಂದಾಜು ಎಷ್ಟು ಗೊತ್ತೆ? 3,04,000. ಒಂದು ಕ್ಷಣ ಇಲ್ಲಿ ನಿಲ್ಲಿ. ಹಿಂದಿನ ವರ್ಷ ಬರೀ ಎರಡು ಕಸುಬಿನವರೇ 2,90,000 ಇದ್ದರು. ಇನ್ನೂ ಒಂಬತ್ತು ಕಸುಬು ಸೇರಿಸಿದರೆ ಹದಿನಾಲ್ಕು ಸಾವಿರ ಮಾತ್ರ ಹೆಚ್ಚಿತೆ? ಚಾಲಕರ ಸಂಖ್ಯೆ 7,75,000 ಇದ್ದದ್ದು 2,10,000ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಮೀರಿ ಚಾಲಕರು ಎಲ್ಲಿ ಹೋದರು?

ಯಾರೂ ಎಲ್ಲಿಗೂ ಹೋಗಿಲ್ಲ. ನಾನು ಓದಿಕೊಳ್ಳುವುದು ಹೀಗೆ: ಮೊದಲ ವರ್ಷದ್ದು ಕಸುಬಿನಲ್ಲಿ ಇರುವವರ ಅಂದಾಜು, ಎರಡನೇ ವರ್ಷದ್ದು ಅರ್ಜಿ ದಾಟಿ ಬರಬಲ್ಲವರ ಅಂದಾಜು. ಈ ಎರಡರ ನಡುವೆ ಬಿದ್ದುಹೋದವರೇ ಇವತ್ತಿನ ನನ್ನ ಭಾಷಣದ ವಿಷಯ.

ಅವರು ಬಿದ್ದದ್ದು ಹೇಗೆ? ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಜೊತೆಗೆ ನೀವು ಈ ಕಸುಬು ಮಾಡುತ್ತಿದ್ದೀರಿ ಎಂದು ಅಧಿಕಾರಿಯೊಬ್ಬರು ಸಹಿ ಹಾಕಿದ ಉದ್ಯೋಗ ಪ್ರಮಾಣಪತ್ರ ಬೇಕು. ಫ್ಯಾಕ್ಟರಿಯಲ್ಲಿ ದುಡಿಯುವವನಿಗೆ ಮಾಲೀಕ ಬರೆದುಕೊಡುತ್ತಾನೆ. ನಮಗೆ ಮಾಲೀಕ ಯಾರು? ಬಳ್ಳಾರಿ ಕೌಲ್‌ಬಜಾರಿನ ಒಂದು ಓಣಿಯಲ್ಲಿ ಮನೆಯ ನಡುಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸಿಗೆ ಜೇಬು ಕೂಡಿಸುವ ಹೆಂಗಸಿಗೆ ಬೋರ್ಡಿಲ್ಲ, ಟ್ರೇಡ್ ಲೈಸೆನ್ಸ್ ಇಲ್ಲ, ಬಿಲ್ ಪುಸ್ತಕ ಇಲ್ಲ. ಮಾಲು ಕೊಡುವ ಜಾಬ್ ವರ್ಕಿನವನು ಚೀಟಿಯಲ್ಲಿ ಪೀಸಿನ ಲೆಕ್ಕ ಬರೆದು ಕೊಡುತ್ತಾನೆ, ಅದರ ಮೇಲೆ ಅವನ ಹೆಸರೂ ಇರುವುದಿಲ್ಲ. ಊರೆಲ್ಲ ಲಾಕ್‌ಡೌನ್, ಸೈಬರ್ ಸೆಂಟರಿನ ಶಟರ್ ಅರ್ಧ ಎಳೆದಿದೆ, ಮೂಲೆಯಲ್ಲಿ ಪೊಲೀಸ್ ನಿಂತಿದ್ದಾನೆ. ಮನೆಯಿಂದ ಹೊರಗೆ ಬರಬೇಡಿ ಎಂದು ಹೇಳಿದ ಸರ್ಕಾರವೇ, ಹೊರಗೆ ಬಂದು ಸಹಿ ಹಾಕಿಸಿಕೊಂಡು ಬಾ ಎಂದೂ ಹೇಳುತ್ತಿತ್ತು.

ಸಹಿ ಇಲ್ಲದೆ ಕೊಟ್ಟರೆ ಬೋಗಸ್ ನುಗ್ಗುತ್ತದೆ ಎಂಬುದು ಅಧಿಕಾರಿಗಳ ಉತ್ತರ. ಸುಳ್ಳಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಎಂಥೆಂಥವರ ಹೆಸರಿನಲ್ಲಿ ಕಾರ್ಡುಗಳು ಆಗಿವೆ ಎಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಅದರಲ್ಲಿ ನಮ್ಮವರೂ ಇದ್ದಾರೆ, ಮುಚ್ಚಿಡುವುದೇನು! ಸೂಜಿ ಹಿಡಿಯುವವನು ಕರಣೆ ಹಿಡಿಯುತ್ತೇನೆ ಎಂದು ಬರೆಸಿಕೊಂಡದ್ದು ತಪ್ಪೇ. ಆದರೆ ಯಾಕೆ ಬರೆಸಿಕೊಂಡ? ಆ ಮಂಡಳಿಯಲ್ಲಿ ದುಡ್ಡಿದೆ. 1996ರ ಕಾನೂನಿನಿಂದ ಶುರುವಾದ, ಕಟ್ಟಡದ ವೆಚ್ಚದ ಮೇಲಿನ ಶೇಕಡಾ 1 ಸೆಸ್ ಬಂದು ಆ ನಿಧಿಗೆ ಬೀಳುತ್ತದೆ. ಲಾಕ್‌ಡೌನಿನಲ್ಲಿ ಕಟ್ಟಡದವರಿಗೆ ಎಲ್ಲರಿಗಿಂತ ಮೊದಲು ಹಣ ಹೋದದ್ದು ಯಾರ ಕರುಣೆಯಿಂದಲೂ ಅಲ್ಲ. ಹೆಸರೂ ಇತ್ತು, ಹಣವೂ ಇತ್ತು. ನಮಗೆ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ಇದೆ, ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಸ್ಮಾರ್ಟ್ ಕಾರ್ಡ್ ಇದೆ. ಆದರೆ ಅದರ ಹಿಂದೆ ಕಟ್ಟಡದ ಸೆಸ್ಸಿನಂಥ ಸ್ವಂತ ಆದಾಯ ಇಲ್ಲ. ಕೇಂದ್ರದ ಇ-ಶ್ರಮ್ ನೋಂದಣಿ 2021ರ ಆಗಸ್ಟಿನಲ್ಲಿ, ಎರಡನೇ ಅಲೆ ಇಳಿದ ಮೇಲೆ, ಬಂತು. ಅದರಲ್ಲಿ 30 ಕೋಟಿಗೂ ಹೆಚ್ಚು ಹೆಸರುಗಳಿವೆ. ಅದರ ಹಿಂದೆಯೂ ನಿಧಿ ಇಲ್ಲ.

ಬಳ್ಳಾರಿಯಲ್ಲಿ ನಿಂತು ಆಂಧ್ರದ ಮಾತು ಎತ್ತದಿರಲು ಆಗುವುದಿಲ್ಲ. ಗುಂತಕಲ್ಲು ಇಲ್ಲಿಂದ ಎಷ್ಟು ದೂರ? ರೈಲು ಹತ್ತಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದುಬಿಡುತ್ತದೆ. 2020ರ ಜೂನ್ 10ರಂದು ಅಲ್ಲಿನ ಸರ್ಕಾರ 'ಜಗನನ್ನ ಚೇದೋಡು' ಎಂಬ ಯೋಜನೆಯಲ್ಲಿ ಕ್ಷೌರಿಕರು, ಅಗಸರು, ದರ್ಜಿಗಳಿಗೆ ತಲಾ 10,000 ರೂಪಾಯಿ ಖಾತೆಗೆ ಹಾಕಿತು. ಅದರಲ್ಲಿ ದರ್ಜಿಗಳೇ 1,25,926 ಮಂದಿ. ಅದು ಕೊರೊನಾಕ್ಕಾಗಿ ಹುಟ್ಟಿದ ಯೋಜನೆ ಅಲ್ಲ, ಚುನಾವಣೆಯ ಭರವಸೆ, ಅಲ್ಲಿನ ಆಗಿನ ಮುಖ್ಯಮಂತ್ರಿಯ ಹೆಸರನ್ನೇ ಅದಕ್ಕೆ ಅಂಟಿಸಿದ್ದು ನನಗಂತೂ ಹಿಡಿಸುವುದಿಲ್ಲ. ಆದರೆ ಪಟ್ಟಿ ಮಾಡಿದ ರೀತಿ ನೋಡಿ: ಗ್ರಾಮ, ವಾರ್ಡ್ ಸ್ವಯಂಸೇವಕರು ಮನೆಮನೆಗೆ ಹೋಗಿ ಬರೆದುಕೊಂಡರು, ಹೆಸರುಗಳನ್ನು ಆ ಗ್ರಾಮದ, ವಾರ್ಡಿನ ಸಚಿವಾಲಯದ ಗೋಡೆಗೆ ಅಂಟಿಸಿದರು. ಓಣಿಯಲ್ಲಿ ಯಾರು ಹೊಲಿಯುತ್ತಾರೆ, ಯಾರು ಹೊಲಿಯುವುದಿಲ್ಲ ಎಂಬುದು ಓಣಿಗೆ ಗೊತ್ತು. ಗೋಡೆಯ ಮೇಲಿನ ಬೋಗಸ್ ಹೆಸರನ್ನು ಹಿಡಿಯಲು ಗೆಜೆಟೆಡ್ ಅಧಿಕಾರಿ ಬೇಕಿಲ್ಲ, ಎದುರು ಮನೆಯ ಅಜ್ಜಿ ಸಾಕು.

ಇನ್ನು ನಮ್ಮ ರಾಜ್ಯ ಕೊಟ್ಟ ಮೊತ್ತದ ಮಾತು. ಎರಡನೇ ಸಲ ಅಂಗಡಿ ಮುಚ್ಚಿದ್ದು ಏಪ್ರಿಲ್ ಕೊನೆಯಿಂದ ಜೂನ್ ನಡುಭಾಗದವರೆಗೆ ಮಾತ್ರ ಎಂದಿಟ್ಟುಕೊಂಡರೂ 2,000 ರೂಪಾಯಿ ದಿನಕ್ಕೆ ನಲವತ್ತರ ಆಸುಪಾಸು ಬೀಳುತ್ತದೆ. ಈ ದಿನಗಳು ಯಾವುವು ಎನ್ನುವುದು ಹೊಲಿಯುವವರಿಗೆ ಹೇಳಬೇಕಾಗಿಲ್ಲ, ಆದರೆ ವಿಧಾನಸೌಧಕ್ಕೆ ಹೇಳಬೇಕಾಗಿದೆ. ಯುಗಾದಿಯಿಂದ ಹಿಡಿದು ಜೂನಿನವರೆಗೆ ನಮ್ಮ ಸುಗ್ಗಿ. ಏಪ್ರಿಲ್, ಮೇ ಮದುವೆ ಬ್ಲೌಸು, ಫಾಲು, ಪೀಕೊ. ಮೇ ಕೊನೆಗೆ ಶಾಲೆಯ ಯೂನಿಫಾರ್ಮು. ವರ್ಷದ ಬಾಡಿಗೆ, ಮಕ್ಕಳ ಫೀಜು, ಹಳೆ ಸಾಲದ ಬಡ್ಡಿ ಹುಟ್ಟುವುದು ಈ ಮೂರು ತಿಂಗಳಲ್ಲಿ. ಎರಡು ವರ್ಷವೂ ಲಾಕ್‌ಡೌನ್ ಬಿದ್ದದ್ದು ಸರಿಯಾಗಿ ಅದೇ ತಿಂಗಳುಗಳ ಮೇಲೆ. ಮದುವೆಗಳು ಮನೆಯೊಳಗೆ ಹತ್ತು ಜನರಲ್ಲಿ ಆಗಿಹೋದವು, ಶಾಲೆಗಳು ತೆರೆಯಲೇ ಇಲ್ಲ. ಬೆಳೆ ಹೋದರೆ ಹೆಕ್ಟೇರಿನ ಲೆಕ್ಕದಲ್ಲಿ ಪರಿಹಾರ ಉಂಟು. ನಮ್ಮ ಸುಗ್ಗಿ ಹೋದರೆ ಎಲ್ಲರಿಗೂ ಒಂದೇ 2,000. ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ.

ಅಳತೆ ತೆಗೆದ ದೇಶಗಳೂ ಇವೆ. ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದ ರಿಷಿ ಸುನಕ್ 2020ರ ಮಾರ್ಚ್ 26ರಂದು ಸ್ವಂತ ಉದ್ಯೋಗಿಗಳಿಗೊಂದು ಯೋಜನೆ ಪ್ರಕಟಿಸಿದರು. ಹಿಂದಿನ ವರ್ಷಗಳ ಸರಾಸರಿ ಲಾಭದ ಶೇಕಡಾ 80, ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ, ಮೂರು ತಿಂಗಳಿಗೆ ಒಂದೇ ಕಂತು. ತೆರಿಗೆ ಇಲಾಖೆಯೇ ತನ್ನ ಬಳಿಯ ರಿಟರ್ನ್ ನೋಡಿ ಲೆಕ್ಕ ಹಾಕಿತು, ಕೇಳಿದ ಆರು ಕೆಲಸದ ದಿನಗಳಲ್ಲಿ ಹಣ. ಮುಂದೆ 2021ರ ಸೆಪ್ಟೆಂಬರ್‌ವರೆಗೆ ಒಟ್ಟು ಐದು ಕಂತು ಬಂದವು. ಅವರ ಖಜಾನೆ ಬೇರೆ, ನಮ್ಮದು ಬೇರೆ, ಆ ಮೊತ್ತ ನಾನು ಕೇಳುತ್ತಿಲ್ಲ. ನನಗೆ ಮುಖ್ಯವಾದದ್ದು ಅಲ್ಲೂ ಬಿದ್ದುಹೋದವರು. ಹೊಸದಾಗಿ ಕಸುಬು ಶುರುಮಾಡಿ ಇನ್ನೂ ರಿಟರ್ನ್ ಕೊಡದವರು ಮೊದಲ ಕಂತುಗಳಲ್ಲಿ ಹೊರಗೆ ಉಳಿದರು, ಅರ್ಧಕ್ಕಿಂತ ಹೆಚ್ಚು ಸಂಪಾದನೆ ಸಂಬಳದ್ದಾಗಿದ್ದವರೂ ಉಳಿದರು. ಅಂಥ ಸಿರಿವಂತ ದೇಶದಲ್ಲೂ ದಫ್ತರದಲ್ಲಿ ಹೆಸರಿದ್ದವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ.

ನಮ್ಮ ಕೇಂದ್ರ ಸರ್ಕಾರ 2020ರ ಜೂನಿನಲ್ಲಿ ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ತಂದಿತು. 10,000 ರೂಪಾಯಿ, ಶೇಕಡಾ 7 ಬಡ್ಡಿ ಸಹಾಯಧನ. ಅದು ಸಾಲ. ಖಾಸಗಿ ಬಡ್ಡಿಯವನ ಕೈಯಿಂದ ಬಿಡಿಸಿಕೊಂಡದ್ದರಲ್ಲಿ ಒಳ್ಳೆಯದಿದೆ, ಇಲ್ಲವೆನ್ನುವುದಿಲ್ಲ. ಆದರೆ ದುಡಿಮೆ ನಿಂತ ಮನುಷ್ಯನಿಗೆ ಸಾಲ ಕೊಟ್ಟು ಅದನ್ನು ನೆರವು ಎಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ನಾವು ಕೇಳುವುದೇನು? ದಾನವನ್ನಂತೂ ಅಲ್ಲ. ಅಂಗಡಿ ಮುಚ್ಚಿದ್ದು ನಾವಾಗಿ ಅಲ್ಲ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ಆದೇಶ ಹೊರಡಿಸಿ ಮುಚ್ಚಿಸಿದರು. ಮುಚ್ಚಿಸಿದ್ದು ಸರಿಯೇ ಇರಬಹುದು, ಜೀವ ಉಳಿದಿರಬಹುದು. ಊರಿನ ಎಲ್ಲರ ಜೀವ ಉಳಿಸಲು ಕೆಲವರ ದುಡಿಮೆ ನಿಲ್ಲಿಸಿದರೆ, ಆ ಕೆಲವರ ನಷ್ಟವನ್ನು ಊರೆಲ್ಲ ಹಂಚಿಕೊಳ್ಳಬೇಕು. ವಿಪತ್ತು ಪರಿಹಾರದ ನಿಯಮಗಳಲ್ಲಿ ಕುಶಲಕರ್ಮಿಯ ಉಪಕರಣ ಹಾಳಾದರೆ ಇಷ್ಟು ಎಂದು ದರ ಇದೆ. ಉಪಕರಣ ನೆಟ್ಟಗಿದ್ದು ಕೈ ಖಾಲಿ ಕೂತರೆ ದರ ಇಲ್ಲ. ಆ ದರ ಬರಬೇಕು. ಅದನ್ನು ಎಲ್ಲಿಂದ ತರುವುದು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ಹೊಲಿಗೆ ಕೆಲಸಕ್ಕೆ ಕನಿಷ್ಠ ವೇತನವನ್ನು ರಾಜ್ಯ ಸರ್ಕಾರವೇ ನಿಗದಿ ಮಾಡಿ ಪ್ರಕಟಿಸುತ್ತದೆ. ದರ್ಜಿಯ ಒಂದು ದಿನದ ಬೆಲೆ ಏನು ಎಂದು ಸರ್ಕಾರವೇ ಬರೆದಿಟ್ಟಿದೆ. ಆದೇಶದಿಂದ ಕಸುಬು ನಿಂತ ದಿನಗಳಿಗೆ ಅದರ ಅರ್ಧ ಕೊಡಿ, ಅರ್ಜಿ ಇಲ್ಲದೆ ಕೊಡಿ.

ಅರ್ಜಿ ಇಲ್ಲದೆ ಕೊಡಬೇಕಾದರೆ ಪಟ್ಟಿ ಮೊದಲೇ ಇರಬೇಕು. ಗ್ರಾಮ ಪಂಚಾಯತಿ ಮತ್ತು ವಾರ್ಡ್ ಮಟ್ಟದಲ್ಲಿ ಕಸುಬಿನ ದಾಖಲೆ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ತಿದ್ದುವುದು. ಅದರಲ್ಲಿ ಮನೆಯಲ್ಲೇ ಹೊಲಿಯುವವರಿಗೆ ಪ್ರತ್ಯೇಕ ಕಾಲಂ, ಯಾಕೆಂದರೆ ಅವರನ್ನು ಗೃಹಿಣಿ ಎಂದು ಬರೆದು ಮುಗಿಸಿಬಿಡುವ ಅಭ್ಯಾಸ ನಮ್ಮ ನೌಕರರಿಗೆ ಇದೆ, ನಮ್ಮ ಗಂಡಸರಿಗೂ ಇದೆ. ಪಟ್ಟಿಯ ಹಿಂದೆ ನಿಧಿ. ಕೇರಳದಲ್ಲಿ ದರ್ಜಿಗಳಿಗಾಗಿಯೇ ಕ್ಷೇಮನಿಧಿ ಮಂಡಳಿ ಇದೆ, ಸದಸ್ಯರೂ ವಂತಿಗೆ ಕಟ್ಟುತ್ತಾರೆ. ನಮ್ಮ ರಾಜ್ಯವೇ 2025ರಲ್ಲಿ ಗಿಗ್ ಕಾರ್ಮಿಕರಿಗೆ ಕಾನೂನು ಮಾಡಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ. ನಮಗೆ ಹಿಡಿದು ಕೇಳಲು ಕಂಪನಿ ಇಲ್ಲ, ಜಿಎಸ್‌ಟಿ ಬಂದ ಮೇಲೆ ಬಟ್ಟೆಯ ಮೇಲೆ ಹೊಸ ಸೆಸ್ ಹಾಕಲು ರಾಜ್ಯದ ಕೈ ಕಟ್ಟಿದೆ. ಆದ್ದರಿಂದ ನಾವು ತಿಂಗಳಿಗೆ ಇಷ್ಟು ಎಂದು ಕಟ್ಟುತ್ತೇವೆ, ಅಷ್ಟನ್ನೇ ಬಜೆಟ್ಟಿನಿಂದ ಸರ್ಕಾರ ಸೇರಿಸಲಿ. ಇದರ ಬಗ್ಗೆ ಭಿನ್ನಾಭಿಪ್ರಾಯ ಇದೆ, ಬಡವರ ಕೈಯಿಂದ ಯಾಕೆ ಕಟ್ಟಿಸುತ್ತೀರಿ ಎಂದು ಬೆಳಿಗ್ಗೆ ಒಬ್ಬ ತಂಗಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ನಾನು ಕಟ್ಟೋಣ ಎನ್ನುವವರ ಪಕ್ಷ. ನಮ್ಮ ಹಣ ಇದ್ದರೆ ಮಂಡಳಿಯ ಲೆಕ್ಕ ಕೇಳುವ ಹಕ್ಕೂ ನಮಗಿರುತ್ತದೆ.

ಇವತ್ತು ಸಭೆಯ ಮುಂದಿಟ್ಟಿರುವ ಠರಾವಿನ ಮೂರನೇ ಕಲಂ ಇದೇ. ವಂತಿಗೆಯ ಪ್ರಶ್ನೆಯನ್ನು ಬಿಡಿಸಿ ಬೇರೆಯಾಗಿ ಮತಕ್ಕೆ ಹಾಕುತ್ತೇವೆ, ಒಪ್ಪದವರು ಕೈ ಎತ್ತಲು ಹಿಂಜರಿಯಬೇಡಿ. ಹೊರಗೆ ಎಡಗಡೆ ಮೇಜು ಹಾಕಿ ನಮೂನೆಗಳನ್ನು ಇಟ್ಟಿದ್ದೇವೆ: ಹೆಸರು, ಓಣಿ, ಎಷ್ಟು ವರ್ಷದಿಂದ ಕಸುಬು, ಮಷಿನ್ ಸ್ವಂತದ್ದೋ ಬಾಡಿಗೆಯದ್ದೋ, ಎರಡು ಲಾಕ್‌ಡೌನಿನಲ್ಲಿ ಹಣ ಬಂತೋ ಇಲ್ಲವೋ. ನಿಮ್ಮದು ಬರೆದ ಮೇಲೆ ಪಕ್ಕದ ಮನೆಯವರ ಹೆಸರನ್ನೂ ಬರೆಸಿ. ಸರ್ಕಾರ ಪಟ್ಟಿ ಮಾಡುವ ತನಕ ಕಾಯದೆ ಈ ಜಿಲ್ಲೆಯ ಪಟ್ಟಿಯನ್ನು ನಾವೇ ಮಾಡಿ, ಬರುವ ತಿಂಗಳು ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡುತ್ತೇವೆ.